ಸಣ್ಣ ವಿಮಾನದ ಎಂಜಿನ್‌ನಲ್ಲಿ ಇಂಧನ ಒತ್ತಡವನ್ನು ಎಲ್ಲಿ ಅಳೆಯಬೇಕು: ರೋಟಾಕ್ಸ್ 912 ಆಧರಿಸಿದ ಸಮಗ್ರ ಮಾರ್ಗದರ್ಶಿ

ಪೂರ್ತಿ ಥ್ರಾಟಲ್ ಕೊಟ್ಟರೆ ಎಂಜಿನ್ ಏದುಸಿರು ಬಿಡುತ್ತಿತ್ತು. ಇಂಧನ ಒತ್ತಡದ ಮಾಪಕ ಮಾತ್ರ 0.3 ಬಾರ್ ತೋರಿಸುತ್ತ ಅಲುಗಾಡದೆ ನಿಂತಿತ್ತು. ನಾನು ಕೆಲಸ ಕಲಿಯುತ್ತಿದ್ದ ದಿನಗಳ ಮಾತು ಇದು. ಇಂಧನ ಚೆನ್ನಾಗಿ ಬರುತ್ತಿದೆ ಎಂದು ಮಾಪಕವೇ ಹೇಳುತ್ತಿರುವಾಗ ಇಂಧನದ ಮೇಲೆ ಅನುಮಾನ ಪಡುವುದು ಹೇಗೆ? ಎರಡು ದಿನ ಕಾರ್ಬ್ಯುರೇಟರ್‌ಗಳನ್ನು ಬಿಚ್ಚಿ ಜೋಡಿಸಿದೆವು, ಸ್ಪಾರ್ಕ್ ಪ್ಲಗ್‌ಗಳನ್ನು ಬದಲಿಸಿದೆವು. ಮೂರನೆಯ ದಿನ ಹಿರಿಯ ಎಂಜಿನಿಯರ್ ಒಬ್ಬರು ಬಂದು, ಮಾಪಕದ ಕಡೆ ನೋಡದೆ, ಸೆನ್ಸರಿನ ಹೋಸ್ ಎಲ್ಲಿಂದ ಹೊರಟಿದೆ ಎಂದು ಬೆರಳಿನಿಂದ ತಡವುತ್ತ ಹೋದರು. ಅದು ಪಂಪಿನ ಬಾಯಿಂದಲೇ ಹೊರಟಿತ್ತು. ಅಲ್ಲಿಂದ ಒಂದು ಗೇಣು ಮುಂದೆ, ಕಾರ್ಬ್ಯುರೇಟರಿಗೆ ಹೋಗುವ ದಾರಿಯಲ್ಲಿ, ಯಾರೋ ಹಿಂದೊಮ್ಮೆ ಹೆಚ್ಚುವರಿ ಫಿಲ್ಟರ್ ಒಂದನ್ನು ಕೂರಿಸಿದ್ದರು. ಆ ಫಿಲ್ಟರ್ ಕಟ್ಟಿಕೊಂಡಿತ್ತು. ಮಾಪಕ ಸುಳ್ಳು ಹೇಳಿರಲಿಲ್ಲ. ತಾನಿದ್ದ ಜಾಗದ ಒತ್ತಡವನ್ನು ಅದು ಸರಿಯಾಗಿಯೇ ಹೇಳುತ್ತಿತ್ತು. ಆ ಜಾಗ ಯಾವುದೆಂದು ನಾವು ಕೇಳಿರಲಿಲ್ಲ, ಅಷ್ಟೆ.

ಬೀದಿಯ ನಲ್ಲಿಯಲ್ಲಿ ನೀರು ರಭಸದಿಂದ ಸುರಿಯುತ್ತಿದ್ದರೂ ಎರಡನೇ ಮಹಡಿಯ ಸ್ನಾನದ ಮನೆಯಲ್ಲಿ ಹನಿ ನೀರು ಬರದಿರಬಹುದು. ಇಂಧನದ ವಿಷಯವೂ ಹೀಗೆಯೇ. ‘ಒತ್ತಡ ಎಷ್ಟು’ ಎಂದು ಕೇಳುವ ಮೊದಲು ‘ಎಲ್ಲಿಯ ಒತ್ತಡ’ ಎಂದು ಕೇಳಬೇಕು. ಈ ಬರಹದಲ್ಲಿ ನಾನು ಮುಖ್ಯವಾಗಿ ಹಿಡಿದುಕೊಂಡಿರುವುದು ಆಸ್ಟ್ರಿಯಾದ ರೋಟಾಕ್ಸ್ 912 ಎಂಜಿನ್‌ನ ಎರಡು ಕಾರ್ಬ್ಯುರೇಟರ್‌ಗಳ ಮಾದರಿಯನ್ನು. ಲಘು ವಿಮಾನಗಳಲ್ಲಿ ಅತಿ ಹೆಚ್ಚು ಕಾಣಸಿಗುವ ಎಂಜಿನ್‌ಗಳಲ್ಲಿ ಇದೂ ಒಂದು. ಟರ್ಬೊ ಇರುವ 914, ಇಂಜೆಕ್ಷನ್ ಇರುವ 912 ಐಎಸ್, ಅಮೆರಿಕದ ಲೈಕಮಿಂಗ್ ಮತ್ತು ಕಾಂಟಿನೆಂಟಲ್ ಎಂಜಿನ್‌ಗಳು ಎಲ್ಲಿ ಬೇರೆಯಾಗುತ್ತವೆ ಎಂಬುದನ್ನು ಮಧ್ಯದಲ್ಲಿ ಹೇಳುತ್ತೇನೆ.

ಮೊದಲೇ ಒಂದು ಮಾತು. ಪ್ರಮಾಣೀಕೃತ ವಿಮಾನದಲ್ಲಿ ಇಂಧನ ವ್ಯವಸ್ಥೆಯ ಒಂದು ಟೀ ಜೋಡಣೆಯನ್ನು (ಮೂರು ಬಾಯಿಯ ಕವಲನ್ನು) ಬದಲಿಸುವುದೂ ಅನುಮೋದನೆ ಬೇಕಾದ ಕೆಲಸ. ಪರವಾನಗಿ ಇರುವ ನಿರ್ವಹಣಾ ಎಂಜಿನಿಯರ್ ಸಹಿ ಇಲ್ಲದೆ ಅದು ಹಾರಬಾರದು. ಸ್ವಂತವಾಗಿ ಕಟ್ಟಿದ ವಿಮಾನವಾದರೂ ನಿಮ್ಮ ಎಂಜಿನ್‌ನ ಅಳವಡಿಕೆ ಕೈಪಿಡಿ ಪಕ್ಕದಲ್ಲಿ ತೆರೆದಿರಲಿ. ಇಲ್ಲಿಯ ಅಂಕಿಗೂ ಕೈಪಿಡಿಯ ಅಂಕಿಗೂ ವ್ಯತ್ಯಾಸ ಕಂಡರೆ ಕೈಪಿಡಿಯದೇ ಅಂತಿಮ.

ಇಂಧನದ ದಾರಿಯನ್ನು ಕೈಯಿಂದ ತಡವಿ ನೋಡಿ

ಕವಾಟ ಮುಚ್ಚಿ, ಎಂಜಿನ್ ತಣ್ಣಗಿರುವಾಗ, ಟ್ಯಾಂಕಿನಿಂದ ಕಾರ್ಬ್ಯುರೇಟರ್ ತನಕ ಪ್ರತಿ ಹೋಸನ್ನೂ ಬೆರಳಿನಿಂದ ಹಿಂಬಾಲಿಸಿ. ನಕ್ಷೆಯಲ್ಲಿ ಇರುವುದೂ ವಿಮಾನದಲ್ಲಿ ಇರುವುದೂ ಒಂದೇ ಎಂದು ನಂಬಬೇಡಿ. ಕಂಡದ್ದನ್ನು ಒಂದು ಹಾಳೆಯ ಮೇಲೆ ಬರೆದುಕೊಳ್ಳಿ.

ಸಾಮಾನ್ಯವಾದ 912 ಅಳವಡಿಕೆಯಲ್ಲಿ ದಾರಿ ಹೀಗಿರುತ್ತದೆ. ಟ್ಯಾಂಕಿನ ಒಳಗಿನ ಜಾಲರಿ, ಅನಂತರ ಇಂಧನ ಕವಾಟ, ಅನಂತರ ನೀರು ಮತ್ತು ಕಸವನ್ನು ಹಿಡಿಯುವ ಗ್ಯಾಸ್ಕೊಲೇಟರ್ ಅಥವಾ ಫಿಲ್ಟರ್, ಅದರ ಮುಂದೆ ಸಹಾಯಕ ವಿದ್ಯುತ್ ಪಂಪ್, ಆಮೇಲೆ ಎಂಜಿನ್ ತಾನೇ ನಡೆಸುವ, ಅಲುಗುವ ಪೊರೆಯಿಂದ ಇಂಧನ ತಳ್ಳುವ ಡಯಾಫ್ರಂ ಪಂಪ್. ಈ ಡಯಾಫ್ರಂ ಪಂಪ್ ಗೇರ್‌ಬಾಕ್ಸಿನ ಮೇಲೆ ಕುಳಿತಿರುತ್ತದೆ. ಅಲ್ಲಿಂದ ಇಂಧನ ವಿತರಣಾ ತುಂಡಿಗೆ ಬರುತ್ತದೆ. ಅದರಿಂದ ಎಡ ಕಾರ್ಬ್ಯುರೇಟರಿಗೆ ಒಂದು, ಬಲ ಕಾರ್ಬ್ಯುರೇಟರಿಗೆ ಒಂದು, ಟ್ಯಾಂಕಿಗೆ ಹಿಂತಿರುಗುವ ರಿಟರ್ನ್ ಲೈನ್ ಒಂದು, ಒತ್ತಡ ಅಳೆಯಲು ಒಂದು, ಹೀಗೆ ನಾಲ್ಕು ಕವಲು. ರಿಟರ್ನ್ ಲೈನಿನ ಬಾಯಲ್ಲಿ 0.35 ಮಿ.ಮೀ. ರಂಧ್ರದ ಚಿಕ್ಕ ಜೆಟ್ ಇರುತ್ತದೆ. ಬಿಸಿಯಾದ ಇಂಧನ ಮತ್ತು ಆವಿ ಅಲ್ಲಿಂದ ನಿಧಾನವಾಗಿ ಟ್ಯಾಂಕಿಗೆ ಮರಳುತ್ತವೆ. ಆವಿ ಕಟ್ಟಿಕೊಂಡು ಎಂಜಿನ್ ನಿಲ್ಲುವುದನ್ನು ತಡೆಯಲು ಇರುವ ವ್ಯವಸ್ಥೆ ಇದು. ಆ ಜೆಟ್ ಬಿದ್ದುಹೋದರೆ ಇಂಧನವೆಲ್ಲ ಟ್ಯಾಂಕಿಗೇ ಓಡುತ್ತದೆ, ಒತ್ತಡ ಕುಸಿಯುತ್ತದೆ. ಜೆಟ್ ಮುಚ್ಚಿಕೊಂಡರೆ ಆವಿಗೆ ಹೊರದಾರಿ ಇಲ್ಲ.

ಯಾವ ಜಾಗ ಏನು ಹೇಳುತ್ತದೆ

ನಾಡಿ ನೋಡುವವರು ಮಣಿಕಟ್ಟನ್ನು ಹಿಡಿಯುತ್ತಾರೆ, ಮೊಣಕೈಯನ್ನಲ್ಲ. ಇಲ್ಲಿಯೂ ಹಿಡಿಯಬಹುದಾದ ಜಾಗಗಳು ನಾಲ್ಕಾರಿವೆ, ಆದರೆ ಅವೆಲ್ಲ ಒಂದೇ ಸುದ್ದಿಯನ್ನು ಕೊಡುವುದಿಲ್ಲ.

ವಿದ್ಯುತ್ ಪಂಪ್ ಮತ್ತು ಡಯಾಫ್ರಂ ಪಂಪ್‌ಗಳ ನಡುವೆ ಅಳೆದರೆ ವಿದ್ಯುತ್ ಪಂಪ್ ಚಾಲೂ ಇರುವಾಗ ಅದರ ಒತ್ತಡ ಕಾಣುತ್ತದೆ. ಅದನ್ನು ಆರಿಸಿದ ಕೂಡಲೇ ಸೊನ್ನೆಗೆ, ಅಥವಾ ಸೊನ್ನೆಗಿಂತ ಕೆಳಕ್ಕೆ ಇಳಿಯುತ್ತದೆ. ಏಕೆಂದರೆ ಅದು ಈಗ ಡಯಾಫ್ರಂ ಪಂಪು ಹೀರುವ ಬದಿ. ಕೆಳ ರೆಕ್ಕೆಯ ವಿಮಾನದಲ್ಲಿ ಈ ಬದಿಯ ಎಳೆತ ಎಷ್ಟಿದೆ ಎಂದು ತಿಳಿಯಲು ತಾತ್ಕಾಲಿಕವಾಗಿ ಇಲ್ಲಿ ಮಾಪಕ ಹಾಕುವುದುಂಟು. ಕಾಕ್‌ಪಿಟ್‌ನ ಶಾಶ್ವತ ಮಾಪಕಕ್ಕೆ ಇದು ಜಾಗವಲ್ಲ.

ಡಯಾಫ್ರಂ ಪಂಪಿನ ಬಾಯಿ ಎರಡನೆಯ ಜಾಗ. ಪಂಪಿನ ಆರೋಗ್ಯ ಇಲ್ಲಿ ಚೆನ್ನಾಗಿ ತಿಳಿಯುತ್ತದೆ. ಮುಂದೆ ಫಿಲ್ಟರ್, ಫ್ಲೋ ಸೆನ್ಸರ್, ಬಾಗಿದ ಹೋಸ್ ಏನಾದರೂ ಇದ್ದರೆ ಅದರಾಚೆಯ ಸ್ಥಿತಿ ತಿಳಿಯುವುದಿಲ್ಲ. ನಾವು ಎರಡು ದಿನ ಕಳೆದುಕೊಂಡದ್ದು ಇಲ್ಲಿಯೇ.

ರಿಟರ್ನ್ ಲೈನಿನಲ್ಲಿ, ಜೆಟ್ಟಿನ ಆಚೆ ಬದಿಗೆ ಸೆನ್ಸರ್ ಹಾಕುವುದು ಎಂದಿಗೂ ಸರಿಯಲ್ಲ. ಅಲ್ಲಿ ಟ್ಯಾಂಕಿನ ಒತ್ತಡವೇ ಇರುತ್ತದೆ, ಅಂದರೆ ಹೆಚ್ಚುಕಡಿಮೆ ಸೊನ್ನೆ. ಎಂಜಿನ್ ಸೊಗಸಾಗಿ ಓಡುತ್ತಿದ್ದರೂ ಮಾಪಕ ಏಳುವುದಿಲ್ಲ.

912ಕ್ಕೆ ನಾನು ಹಿಡಿಯುವ ಜಾಗ ವಿತರಣಾ ತುಂಡು. ಎಲ್ಲ ಪಂಪು, ಎಲ್ಲ ಫಿಲ್ಟರ್ ದಾಟಿ ಬಂದ ಇಂಧನ ಕವಲೊಡೆಯುವ ಸ್ಥಳ ಅದು. ಕಾರ್ಬ್ಯುರೇಟರಿನ ಫ್ಲೋಟ್ ಕವಾಟ ಎದುರಿಸಬೇಕಾದ ಒತ್ತಡ ಬಹುಮಟ್ಟಿಗೆ ಇದೇ. ಕೈಪಿಡಿಯ ಮಿತಿಗಳು ಅರ್ಥ ಪಡೆಯುವುದೂ ಇಲ್ಲಿಯೇ: ಕನಿಷ್ಠ 0.15 ಬಾರ್, ಗರಿಷ್ಠ 0.4 ಬಾರ್, ಹೊಸ ಮಾದರಿಯ ಪಂಪ್‌ಗಳಿಗೆ ಗರಿಷ್ಠ 0.5 ಬಾರ್. ನಿಮ್ಮ ಪಂಪಿನ ಪಾರ್ಟ್ ನಂಬರ್ ನೋಡಿಯೇ ಮೇಲಿನ ಮಿತಿಯನ್ನು ತೀರ್ಮಾನಿಸಿ.

ಮೇಲಿನ ಮಿತಿಯನ್ನು ಹಲವರು ಹಗುರವಾಗಿ ಕಾಣುತ್ತಾರೆ. ಒತ್ತಡ ಕಡಿಮೆಯಾದರೆ ಎಂಜಿನ್ ನಿಲ್ಲುತ್ತದೆ ಎಂಬುದು ಎಲ್ಲರಿಗೂ ಗೊತ್ತು. ಹೆಚ್ಚಾದರೂ ನಿಲ್ಲಬಹುದು. ಫ್ಲೋಟ್ ಮೇಲೇರಿ ಸೂಜಿ ಕವಾಟವನ್ನು ಮುಚ್ಚುವ ಬಲ ಬಹಳ ಚಿಕ್ಕದು. ಒತ್ತಡ ಅದನ್ನು ಮೀರಿದರೆ ಕವಾಟ ಮುಚ್ಚುವುದೇ ಇಲ್ಲ, ಕಾರ್ಬ್ಯುರೇಟರ್ ತುಂಬಿ ಉಕ್ಕುತ್ತದೆ, ಮಿಶ್ರಣ ಅತಿಯಾಗಿ ಗಾಢವಾಗುತ್ತದೆ. ಸುರಿದ ಇಂಧನ ಬಿಸಿ ಎಕ್ಸಾಸ್ಟ್ ಮೇಲೆ ಬೀಳುವ ಸಾಧ್ಯತೆ ಬೇರೆ.

ವಿತರಣಾ ತುಂಡಿಗೂ ಒಂದು ಕುರುಡು ಬದಿ ಇದೆ. ಅದರಿಂದ ಮುಂದೆ ಎಡಕ್ಕೋ ಬಲಕ್ಕೋ ಹೋಗುವ ಒಂದೇ ಹೋಸ್ ಮಡಚಿಕೊಂಡರೆ ಮಾಪಕ ಅದನ್ನು ಹೇಳುವುದಿಲ್ಲ. ಒಂದು ಬದಿಯ ಎರಡು ಸಿಲಿಂಡರ್‌ಗಳು ಬಡವಾಗುತ್ತವೆ, ಎಂಜಿನ್ ನಡುಗುತ್ತದೆ, ಒತ್ತಡ ಸರಿಯಾಗಿಯೇ ಇರುತ್ತದೆ. ನಡುಕ ಇದೆ, ಒತ್ತಡ ಸರಿ ಇದೆ ಎಂದಾದರೆ ಮೊದಲು ಆ ಎರಡು ಹೋಸ್‌ಗಳ ಬಾಗನ್ನು ನೋಡಿ.

ಬೇರೆ ಎಂಜಿನ್‌ಗಳಲ್ಲಿ

ಬೆಂಗಳೂರಿನ ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯ ರೂಪಿಸಿದ ಹಂಸ-3 ವಿಮಾನದಲ್ಲಿ ಇರುವುದು ಟರ್ಬೊ ಇರುವ ರೋಟಾಕ್ಸ್ 914. ಈ ಎಂಜಿನ್‌ಗೆ ಡಯಾಫ್ರಂ ಪಂಪ್ ಇಲ್ಲ. ಎರಡು ವಿದ್ಯುತ್ ಪಂಪ್‌ಗಳೇ ಎಲ್ಲ ಕೆಲಸವನ್ನೂ ಮಾಡುತ್ತವೆ. ಟರ್ಬೊ ಒತ್ತಿದ ಗಾಳಿ ಏರ್‌ಬಾಕ್ಸ್ ಎಂಬ ಗಾಳಿ ಪೆಟ್ಟಿಗೆಯ ಮೂಲಕ ಕಾರ್ಬ್ಯುರೇಟರ್‌ಗಳಿಗೆ ಬರುತ್ತದೆ. ಫ್ಲೋಟ್ ಕೋಣೆಯಲ್ಲೂ ಅದೇ ಗಾಳಿಯ ಒತ್ತಡ. ಆದ್ದರಿಂದ ಇಂಧನದ ಒತ್ತಡ ಯಾವಾಗಲೂ ಏರ್‌ಬಾಕ್ಸಿನ ಒತ್ತಡಕ್ಕಿಂತ ಸುಮಾರು 0.25 ಬಾರ್ ಮೇಲಿರಬೇಕು, 0.15ಕ್ಕಿಂತ ಕೆಳಗಿಳಿಯಬಾರದು, 0.35 ಮೀರಬಾರದು. ಇದನ್ನು ನೋಡಿಕೊಳ್ಳುವುದು ಏರ್‌ಬಾಕ್ಸಿಗೆ ಕೊಳವೆ ಜೋಡಿಸಿರುವ ರೆಗ್ಯುಲೇಟರ್.

ಇಲ್ಲಿ ಜಾಗ ಒಂದಲ್ಲ, ಎರಡು. ಸೆನ್ಸರಿನ ಒಂದು ಬಾಯಿ ಇಂಧನಕ್ಕೆ, ಇನ್ನೊಂದು ಏರ್‌ಬಾಕ್ಸಿಗೆ. ಎರಡರ ವ್ಯತ್ಯಾಸವನ್ನು ಅಳೆಯುವ ಸೆನ್ಸರ್ ಬೇಕು. ಸಾಧಾರಣ ಮಾಪಕ ಹಾಕಿದರೆ ಏನಾಗುತ್ತದೆ ಎಂಬ ಲೆಕ್ಕ ನೋಡಿ. ಟೇಕಾಫ್ ಸಮಯದಲ್ಲಿ ಏರ್‌ಬಾಕ್ಸಿನಲ್ಲಿ 1300 ಹೆಕ್ಟೊಪ್ಯಾಸ್ಕಲ್ ಇದೆ ಎಂದುಕೊಳ್ಳೋಣ. ಮಂಗಳೂರಿನ ಕಡಲ ಮಟ್ಟದಲ್ಲಿ ಹೊರಗಿನ ಗಾಳಿ ಸುಮಾರು 1013. ವ್ಯತ್ಯಾಸ 287, ಅಂದರೆ 0.29 ಬಾರ್. ಅದಕ್ಕೆ 0.25 ಸೇರಿಸಿದರೆ ಮಾಪಕ 0.54 ಬಾರ್ ತೋರಿಸುತ್ತದೆ. ಅದೇ ವಿಮಾನ ಸುಮಾರು 900 ಮೀಟರ್ ಎತ್ತರದ ಬೆಂಗಳೂರಿನಲ್ಲಿ ಟೇಕಾಫ್ ಮಾಡುವಾಗ ಹೊರಗಿನ ಗಾಳಿ ಸುಮಾರು 910. ಮಾಪಕ ಈಗ 0.64 ಬಾರ್ ಹೇಳುತ್ತದೆ. ಎಂಜಿನ್‌ನಲ್ಲಿ ಏನೂ ಬದಲಾಗಿಲ್ಲ. ಇದನ್ನು ತಿಳಿಯದೆ ರೆಗ್ಯುಲೇಟರ್ ತಿರುಗಿಸಲು ಹೋದವರು ಸರಿಯಿದ್ದ ಎಂಜಿನ್ ಅನ್ನು ಕೆಡಿಸುತ್ತಾರೆ.

ಹೊಸ ಹಂಸ-ಎನ್‌ಜಿ 2021ರಲ್ಲಿ ಮೊದಲ ಬಾರಿ ಹಾರಿತು. ಅದರಲ್ಲಿರುವುದು ಇಂಜೆಕ್ಷನ್ ಮಾದರಿಯ 912 ಐಎಸ್. ಅಲ್ಲಿ ಒತ್ತಡ ಸುಮಾರು 3 ಬಾರ್, ಅಂದರೆ ಕಾರ್ಬ್ಯುರೇಟರ್ ಮಾದರಿಯ ಹತ್ತು ಪಟ್ಟು. ತಯಾರಕರು ಕೊಟ್ಟಿರುವ ಸೆನ್ಸರ್ ಜಾಗವನ್ನು ಬಿಟ್ಟು ಬೇರೆ ಎಲ್ಲಿಯೂ ಕೈ ಹಾಕಬೇಡಿ. ಒತ್ತಡ ಇಳಿಸದೆ ಯಾವ ಜೋಡಣೆಯನ್ನೂ ಸಡಿಲಿಸಬೇಡಿ. ಮುಂದೆ ಹೇಳುವ ಹೋಸ್, ಕ್ಲ್ಯಾಂಪ್‌ಗಳ ಮಾತು ಇದಕ್ಕೆ ಅನ್ವಯಿಸುವುದಿಲ್ಲ.

ಲೈಕಮಿಂಗ್ ಒ-320, ಒ-360 ಎಂಜಿನ್‌ಗಳಲ್ಲಿ ಮಿತಿಯನ್ನು ಕಾರ್ಬ್ಯುರೇಟರಿನ ಒಳಬಾಯಿಗೆ ಎಂದೇ ಹೇಳಿದ್ದಾರೆ: ಕನಿಷ್ಠ 0.5 ಪಿಎಸ್‌ಐ, ಗರಿಷ್ಠ 8, ಅಪೇಕ್ಷಿತ 3 (ಒಂದು ಪಿಎಸ್‌ಐ ಎಂದರೆ ಸುಮಾರು 0.07 ಬಾರ್). ಆದ್ದರಿಂದ ಅಳತೆಯೂ ಅಲ್ಲಿಯೇ, ಅಥವಾ ಮಧ್ಯೆ ಏನೂ ಇಲ್ಲದಿದ್ದರೆ ಪಂಪಿನ ಹೊರಬಾಯಲ್ಲಿ. ಮೇಲು ರೆಕ್ಕೆಯ ಕಾರ್ಬ್ಯುರೇಟರ್ ಮಾದರಿಯ ಸೆಸ್ನಾ 172ರಲ್ಲಿ ಇಂಧನ ತನ್ನ ಭಾರದಿಂದಲೇ ಇಳಿದು ಬರುತ್ತದೆ. ಪಂಪೂ ಇಲ್ಲ, ಒತ್ತಡದ ಮಾಪಕವೂ ಇಲ್ಲ. 0.5 ಪಿಎಸ್‌ಐ ಸಿಗಲು ವಿಮಾನ ಪೆಟ್ರೋಲಿನ ಸುಮಾರು 49 ಸೆಂ.ಮೀ. ಎತ್ತರ ಸಾಕು.

ಇಂಜೆಕ್ಷನ್ ಇರುವ ಐಒ-360ರಲ್ಲಿ ಎರಡು ಬೇರೆ ಬೇರೆ ಒತ್ತಡಗಳಿವೆ. ಗಾಳಿಗೆ ತಕ್ಕಷ್ಟು ಇಂಧನವನ್ನು ಅಳೆದು ಬಿಡುವ ಸರ್ವೊದ ಒಳಬಾಯಿಯ ಒತ್ತಡ ಪಂಪಿನ ಸ್ಥಿತಿಯನ್ನು ಹೇಳುತ್ತದೆ. ಸಿಲಿಂಡರ್‌ಗಳಿಗೆ ಇಂಧನ ಹಂಚುವ ಫ್ಲೋ ಡಿವೈಡರಿನ ಒತ್ತಡ ಎಷ್ಟು ಇಂಧನ ಹರಿಯುತ್ತಿದೆ ಎಂಬುದನ್ನು ಪರೋಕ್ಷವಾಗಿ ಹೇಳುತ್ತದೆ. ಹಳೆಯ ವಿಮಾನಗಳ ‘ಇಂಧನ ಹರಿವಿನ ಮಾಪಕ’ ಹಲವು ಸಲ ಈ ಎರಡನೆಯ ಜಾಗದ ಒತ್ತಡ ಮಾಪಕವೇ. ಒಂದು ನಾಝಲ್ ಕಟ್ಟಿಕೊಂಡರೆ ಎಂಜಿನ್‌ಗೆ ಕಡಿಮೆ ಇಂಧನ ಹೋಗುತ್ತಿದ್ದರೂ ಆ ಮಾಪಕ ಹೆಚ್ಚು ತೋರಿಸುವುದು ಇದೇ ಕಾರಣಕ್ಕೆ. ಕಾಂಟಿನೆಂಟಲ್ ಇಂಜೆಕ್ಷನ್ ಎಂಜಿನ್‌ಗಳಲ್ಲಿಯೂ ಪಂಪಿನ ಬಳಿಯ ಒತ್ತಡ, ಅಳತೆಯಾಗಿ ಬಂದ ಇಂಧನದ ಒತ್ತಡ ಎರಡನ್ನೂ ಕೈಪಿಡಿಯ ಕ್ರಮದಲ್ಲಿ ಒಟ್ಟಿಗೆ ನೋಡಿಯೇ ಹೊಂದಿಸಬೇಕು.

ಹಂತ 1: ಕೆಲಸದ ಸ್ಥಳ

ಇನ್ನು 912ಕ್ಕೆ ಮರಳೋಣ. ವಿಮಾನವನ್ನು ಹ್ಯಾಂಗರಿನಿಂದ ಹೊರಗೆ, ಇಲ್ಲವೇ ಬಾಗಿಲುಗಳನ್ನು ಪೂರ್ತಿ ತೆರೆದು ಗಾಳಿಯಾಡುವಲ್ಲಿ ನಿಲ್ಲಿಸಿ. ಚಕ್ರಗಳಿಗೆ ಅಡೆ ಕೊಡಿ. ಎರಡೂ ಇಗ್ನಿಷನ್ ಸ್ವಿಚ್ ಮತ್ತು ಮಾಸ್ಟರ್ ಸ್ವಿಚ್ ಆರಿಸಿ, ಬ್ಯಾಟರಿಯ ಋಣ ತಂತಿಯನ್ನು ಕಳಚಿ. ವಿಮಾನಕ್ಕೆ ಅರ್ತಿಂಗ್ ಇರಲಿ. ನೈಲಾನ್ ಬಟ್ಟೆ ಬೇಡ, ಹತ್ತಿಯದು ತೊಡಿ. ಅಗ್ನಿಶಾಮಕ ಕೈಗೆಟುಕುವ ದೂರದಲ್ಲಿರಲಿ. ಇಂಧನ ಕವಾಟ ಮುಚ್ಚಿ, ಹೋಸ್ ತುದಿಯಿಂದ ಸುರಿಯುವ ಇಂಧನಕ್ಕೆ ಲೋಹದ ಪಾತ್ರೆ ಇಡಿ.

ಹಂತ 2: ಸೆನ್ಸರಿನ ಆಯ್ಕೆ

0.15ರಿಂದ 0.5 ಬಾರ್ ನಡುವೆ ನೋಡಬೇಕಾದ ಕಡೆ 7 ಬಾರ್ ತನಕ ಅಳೆಯುವ ಸೆನ್ಸರ್ ಹಾಕಿದರೆ ನಿಮಗೆ ಬೇಕಾದ ಭಾಗವೆಲ್ಲ ಅದರ ಮೊದಲ ಮೆಟ್ಟಿಲಲ್ಲೇ ಮುಗಿದುಹೋಗುತ್ತದೆ. ಪೂರ್ಣ ವ್ಯಾಪ್ತಿಯ ಶೇ. 2ರ ತಪ್ಪೂ 0.14 ಬಾರ್ ಆಗುತ್ತದೆ. ಅದು ಕನಿಷ್ಠ ಮಿತಿಯಷ್ಟೇ ದೊಡ್ಡದು. 1 ಬಾರ್ ಅಥವಾ 15 ಪಿಎಸ್‌ಐ ವ್ಯಾಪ್ತಿಯದನ್ನು ತನ್ನಿ. ಅದು ಹೊರಗಿನ ಗಾಳಿಗೆ ಹೋಲಿಸಿ ಅಳೆಯುವ ಬಗೆಯದಾಗಿರಬೇಕು, ನಿರ್ವಾತಕ್ಕೆ ಹೋಲಿಸಿ ಅಳೆಯುವುದಲ್ಲ. ಅಂಥ ಸೆನ್ಸರಿಗೆ ಗಾಳಿಯಾಡುವ ಚಿಕ್ಕ ರಂಧ್ರ ಇರುತ್ತದೆ. ಅದನ್ನು ಬಣ್ಣ ಅಥವಾ ಸೀಲಂಟ್‌ನಿಂದ ಮುಚ್ಚಿಬಿಡಬೇಡಿ.

ಇಂಧನವನ್ನೇ ಕೊಳವೆಯಲ್ಲಿ ಕಾಕ್‌ಪಿಟ್ ತನಕ ತಂದು ಸೂಜಿಯ ಮಾಪಕಕ್ಕೆ ಜೋಡಿಸುವ ಹಳೆಯ ಪದ್ಧತಿಯನ್ನು ನಾನು ಒಪ್ಪುವುದಿಲ್ಲ. ಮಾಪಕ ಒಡೆದರೆ ಪೈಲಟ್‌ನ ಮೊಣಕಾಲ ಮೇಲೆ ಪೆಟ್ರೋಲ್ ಸುರಿಯುತ್ತದೆ. ಸೆನ್ಸರ್ ಫೈರ್‌ವಾಲ್‌ನ (ಎಂಜಿನ್ ಮತ್ತು ಕಾಕ್‌ಪಿಟ್ ನಡುವಿನ ಬೆಂಕಿತಡೆ ಗೋಡೆಯ) ಮುಂದೆಯೇ ಇರಲಿ, ತಂತಿ ಮಾತ್ರ ಒಳಗೆ ಬರಲಿ.

ಹಂತ 3: ಕಿರಿದಾದ ಬಾಯಿ

ವಿತರಣಾ ತುಂಡಿನಿಂದ ಸೆನ್ಸರಿನ ಕಡೆ ಹೊರಡುವ ಜಾಗದಲ್ಲಿಯೇ ಸಣ್ಣ ರಂಧ್ರದ ಫಿಟ್ಟಿಂಗ್ ಇರಬೇಕು. ಇದನ್ನು ಬಿಡುವವರು ಬಹಳ ಮಂದಿ. ಇದಕ್ಕೆ ಕಾರಣ ಎರಡು. ಡಯಾಫ್ರಂ ಪಂಪ್ ಸೆಕೆಂಡಿಗೆ ಮೂವತ್ತಕ್ಕೂ ಹೆಚ್ಚು ಬಾರಿ ಬಡಿಯುತ್ತದೆ. ಆ ಬಡಿತ ನೇರವಾಗಿ ಸೆನ್ಸರಿಗೆ ತಾಗಿದರೆ ಅಂಕಿ ಕುಣಿಯುತ್ತದೆ, ಸೆನ್ಸರ್ ಬೇಗ ಸಾಯುತ್ತದೆ. ಎರಡನೆಯದು ಇನ್ನೂ ಗಂಭೀರ. ಸೆನ್ಸರಿನ ಹೋಸ್ ಕಿತ್ತುಬಂದರೆ ಇಂಧನವೆಲ್ಲ ಅಲ್ಲಿಂದ ಸುರಿಯಬಾರದು.

ರಂಧ್ರ ಎಷ್ಟಿರಬೇಕು? ಸ್ವಂತವಾಗಿ ಕಟ್ಟಿದ ಲೈಕಮಿಂಗ್ ವಿಮಾನಗಳಲ್ಲಿ ಸುಮಾರು 1 ಮಿ.ಮೀ. ರಂಧ್ರ ರೂಢಿಯಲ್ಲಿದೆ. ನಾನು ಲೆಕ್ಕ ಹಾಕಿ ನೋಡಿದೆ. 0.3 ಬಾರ್ ಒತ್ತಡದಲ್ಲಿ 1 ಮಿ.ಮೀ. ರಂಧ್ರದಿಂದ ಗಂಟೆಗೆ ಸುಮಾರು 17 ಲೀಟರ್ ಪೆಟ್ರೋಲ್ ಹೊರಬರುತ್ತದೆ. 100 ಅಶ್ವಶಕ್ತಿಯ 912 ಟೇಕಾಫ್ ಸಮಯದಲ್ಲಿ ಕುಡಿಯುವುದೇ ಗಂಟೆಗೆ ಸುಮಾರು 27 ಲೀಟರ್. ಅಂದರೆ ಆ ಸೋರಿಕೆ ಚಿಕ್ಕದಲ್ಲ. ರಂಧ್ರವನ್ನು 0.5 ಮಿ.ಮೀ.ಗೆ ಇಳಿಸಿದರೆ ಸೋರಿಕೆ ಗಂಟೆಗೆ ಸುಮಾರು 4 ಲೀಟರಿಗೆ ಇಳಿಯುತ್ತದೆ. ಅಳತೆಗೆ ಏನೂ ತೊಂದರೆಯಿಲ್ಲ, ಏಕೆಂದರೆ ಸೆನ್ಸರಿನ ಕಡೆ ಇಂಧನ ಹರಿಯುವುದೇ ಇಲ್ಲ, ನಿಂತಿರುತ್ತದೆ. ತೀರ ಸಣ್ಣದಾದರೆ ಕಸ ಕಟ್ಟಿಕೊಳ್ಳುವ ಭಯವಿದೆ. ಆದ್ದರಿಂದ ವಾರ್ಷಿಕ ತಪಾಸಣೆಯಲ್ಲಿ ಈ ಫಿಟ್ಟಿಂಗ್ ಬಿಚ್ಚಿ ಬೆಳಕಿಗೆ ಹಿಡಿದು ನೋಡಿ.

ಹಂತ 4: ಹೋಸ್ ಮತ್ತು ಜೋಡಣೆ

ಸೆನ್ಸರನ್ನು ಎಂಜಿನ್ ಮೇಲೆಯೇ ತಿರುಪಿ ಕೂರಿಸಬೇಡಿ. ಹಿತ್ತಾಳೆಯ ಉದ್ದ ಕತ್ತಿನ ಮೇಲೆ ಭಾರದ ಸೆನ್ಸರ್ ನೇತಾಡುತ್ತಿದ್ದರೆ ಕಂಪನಕ್ಕೆ ಕತ್ತು ಮುರಿಯುತ್ತದೆ. ಅದನ್ನು ಫೈರ್‌ವಾಲ್‌ಗೆ ಕ್ಲ್ಯಾಂಪ್ ಮಾಡಿ. ಎಂಜಿನ್‌ನಿಂದ ಅಲ್ಲಿಗೆ ಬಾಗುವ ಇಂಧನ ಹೋಸ್ ತನ್ನಿ, ಅದರ ಮೇಲೆ ಬೆಂಕಿ ತಡೆಯುವ ತೋಳನ್ನು ಪೂರ್ತಿ ಹೊದಿಸಿ. ಎಂಜಿನ್ ರಬ್ಬರ್ ಮೌಂಟ್‌ಗಳ ಮೇಲೆ ಅಲುಗಾಡುವಾಗ ಹೋಸ್ ಎಳೆದುಕೊಳ್ಳದಂತೆ ಒಂದಿಷ್ಟು ಸಡಿಲ ಬಿಡಿ. ಎಕ್ಸಾಸ್ಟಿನಿಂದ ದೂರ ಇಡಿ.

ಓರೆ ಎಳೆಯ (ತುದಿಯತ್ತ ಕಿರಿದಾಗುವ ತಿರುಪಿನ) ಜೋಡಣೆಗಳಿಗೆ ಟೆಫ್ಲಾನ್ ಟೇಪ್ ಸುತ್ತಬೇಡಿ. ಅದರ ಚೂರು ಕಳಚಿ ಕಾರ್ಬ್ಯುರೇಟರ್ ಜೆಟ್ಟಿಗೆ ಸೇರುತ್ತದೆ. ಇನ್ನೊಂದು ತೊಂದರೆಯೂ ಇದೆ: ಕೆಲವು ಸೆನ್ಸರ್‌ಗಳಿಗೆ ತಮ್ಮ ಮೈಯ ಮೂಲಕವೇ ಅರ್ತ್ ಸಿಗಬೇಕು, ಟೇಪ್ ಅದನ್ನು ಕಡಿದು ಅಂಕಿಯನ್ನು ಕೆಡಿಸುತ್ತದೆ. ಪೆಟ್ರೋಲಿಗೆ ಕರಗದ ಪೇಸ್ಟ್ ಬಳಸಿ, ಮೊದಲ ಎರಡು ಎಳೆಗಳನ್ನು ಖಾಲಿ ಬಿಡಿ. ವಿಮಾನದ 37 ಡಿಗ್ರಿ ಫ್ಲೇರ್ (ಕೊಳವೆಯ ಬಾಯಿ ಅಗಲಿಸಿದ) ಜೋಡಣೆಗೆ ಕಾರಿನ 45 ಡಿಗ್ರಿಯದನ್ನು ಸೇರಿಸಬೇಡಿ. ತಿರುಗಿಸುವಾಗ ಕೂತಂತೆ ಕಾಣುತ್ತದೆ, ಆಮೇಲೆ ಸೋರುತ್ತದೆ.

ಸೆನ್ಸರಿನ ಎತ್ತರವನ್ನೂ ನೋಡಿ. ಹೋಸ್ ತುಂಬ ಪೆಟ್ರೋಲ್ ಇರುವಾಗ ಸೆನ್ಸರ್ ವಿತರಣಾ ತುಂಡಿಗಿಂತ 30 ಸೆಂ.ಮೀ. ಮೇಲಿದ್ದರೆ ಅಂಕಿ 0.02 ಬಾರ್ ಕಡಿಮೆ, ಕೆಳಗಿದ್ದರೆ ಅಷ್ಟೇ ಹೆಚ್ಚು. 3 ಬಾರ್ ವ್ಯವಸ್ಥೆಯಲ್ಲಿ ಇದು ಲೆಕ್ಕಕ್ಕಿಲ್ಲ. 0.15 ಬಾರ್ ಮಿತಿಯ ಪಕ್ಕದಲ್ಲಿ ಇದು ದೊಡ್ಡ ಮಾತು. ಸಾಧ್ಯವಾದಷ್ಟು ಒಂದೇ ಮಟ್ಟದಲ್ಲಿ ಕೂರಿಸಿ.

ಹಂತ 5: ಅಂಕಿಯನ್ನು ಪರೀಕ್ಷಿಸುವುದು

ಹೊಸ ಸೆನ್ಸರ್ ಎಂಬ ಕಾರಣಕ್ಕೆ ನಂಬಬೇಡಿ. ಪರೀಕ್ಷೆಗೆ ದುಬಾರಿ ಉಪಕರಣ ಬೇಕಿಲ್ಲ. ಸುಮಾರು 5 ಮೀಟರ್ ಪಾರದರ್ಶಕ ಪ್ಲಾಸ್ಟಿಕ್ ಕೊಳವೆಯನ್ನು ಗೋಡೆಯ ಮೇಲೆ ಉದ್ದನೆಯ ‘ಯು’ ಆಕಾರದಲ್ಲಿ ಕಟ್ಟಿ, ಅರ್ಧದಷ್ಟು ನೀರು ತುಂಬಿ. ಒಂದು ತುದಿ ಬಯಲಿಗೆ ತೆರೆದಿರಲಿ. ಇನ್ನೊಂದು ತುದಿಗೆ ಟೀ ಹಾಕಿ, ಒಂದು ಕವಲಿಗೆ ಸೆನ್ಸರ್, ಇನ್ನೊಂದಕ್ಕೆ ದೊಡ್ಡ ಸಿರಿಂಜ್ ಜೋಡಿಸಿ. ಸಿರಿಂಜನ್ನು ಮೆಲ್ಲಗೆ ಒತ್ತುತ್ತ ಬನ್ನಿ. ಎರಡು ನೀರಿನ ಮಟ್ಟಗಳ ನಡುವಿನ ಅಂತರ 1.53 ಮೀಟರ್ ಆದಾಗ ಒತ್ತಡ 0.15 ಬಾರ್. 2.04 ಮೀಟರ್‌ಗೆ 0.2 ಬಾರ್. ಕಾಕ್‌ಪಿಟ್‌ನ ಮಾಪಕ ಅದನ್ನೇ ಹೇಳಬೇಕು. ಕೆಳಮಿತಿಯಲ್ಲಿ ಸರಿ ಇದೆಯೇ ಎಂಬುದು ಜೀವದ ಪ್ರಶ್ನೆಯಾದ್ದರಿಂದ ಇಷ್ಟು ಎತ್ತರ ಸಾಕು. ನೀರು ಸೆನ್ಸರಿನ ತನಕ ಏರದಂತೆ ನಡುವೆ ಗಾಳಿ ಉಳಿಯಲಿ. ಸೆನ್ಸರನ್ನು ಇಂಧನಕ್ಕೆ ಜೋಡಿಸುವ ಮೊದಲು ಪೂರ್ತಿ ಒಣಗಿದೆಯೇ ಎಂದು ನೋಡಿ.

ಹಂತ 6: ಸೋರಿಕೆ ಮತ್ತು ನೆಲದ ಮೇಲಿನ ಓಟ

ಬ್ಯಾಟರಿ ಜೋಡಿಸಿ, ಕವಾಟ ತೆರೆಯಿರಿ, ಎಂಜಿನ್ ನಿಂತಿರುವಾಗಲೇ ವಿದ್ಯುತ್ ಪಂಪ್ ಹಾಕಿ. ಐದು ನಿಮಿಷ ಪ್ರತಿ ಜೋಡಣೆಯನ್ನೂ ಒಣ ಬಿಳಿ ಬಟ್ಟೆಯಿಂದ ಒರೆಸುತ್ತ ನೋಡಿ. ಒಂದು ಹನಿಯೂ ಬೇಡ. ಈ ಹೊತ್ತಿನ ಒತ್ತಡವನ್ನು ಬರೆದುಕೊಳ್ಳಿ. ಇದು ವಿದ್ಯುತ್ ಪಂಪ್ ಒಂದೇ ಕೊಡುವ ಒತ್ತಡ.

ಅನಂತರ ಎಂಜಿನ್ ಮುಚ್ಚುವ ಕೌಲಿಂಗ್ ಸರಿಯಾಗಿ ಕೂರಿಸಿ, ಪ್ರೊಪೆಲರ್ ಸುತ್ತ ಯಾರೂ ಇಲ್ಲವೆಂದು ಖಚಿತಪಡಿಸಿಕೊಂಡು, ಎಂಜಿನ್ ಚಾಲೂ ಮಾಡಿ. ಅದು ಬೆಚ್ಚಗಾದ ಮೇಲೆ ವಿದ್ಯುತ್ ಪಂಪ್ ಆರಿಸಿ. ಈಗ ಕಾಣುವುದು ಡಯಾಫ್ರಂ ಪಂಪಿನ ಸ್ವಂತ ಶಕ್ತಿ. ನಿಧಾನಗತಿ, ಮಧ್ಯಮ ವೇಗ, ಪೂರ್ತಿ ಥ್ರಾಟಲ್ ಮೂರರಲ್ಲೂ ಅಂಕಿ ಬರೆಯಿರಿ. ವಿದ್ಯುತ್ ಪಂಪ್ ಆರಿಸಿ ಪೂರ್ತಿ ಥ್ರಾಟಲ್ ಕೊಟ್ಟಾಗ ಕಾಣುವುದು ಅತಿ ಕಡಿಮೆ ಒತ್ತಡ, ಅದು 0.15ಕ್ಕಿಂತ ಮೇಲಿರಲೇಬೇಕು. ಎರಡೂ ಪಂಪ್ ಹಾಕಿ ನಿಧಾನಗತಿಯಲ್ಲಿ ಇರುವಾಗ ಕಾಣುವುದು ಅತಿ ಹೆಚ್ಚು; ಅದು ನಿಮ್ಮ ಪಂಪಿನ ಗರಿಷ್ಠ ಮಿತಿಯನ್ನು ಮೀರಬಾರದು. ಈ ಎರಡು ತುದಿಗಳು ಮಿತಿಯೊಳಗಿದ್ದರೆ ನಡುವಿನದೆಲ್ಲ ತಾನಾಗಿ ಸರಿ ಇರುತ್ತದೆ.

ಎಂಜಿನ್ ನಿಲ್ಲಿಸಿ ಹತ್ತು ಹದಿನೈದು ನಿಮಿಷ ಬಿಟ್ಟು, ಒಳಗಿನ ಶಾಖ ಇಂಧನ ಹೋಸ್‌ಗಳಿಗೆ ಏರಿದ ಮೇಲೆ, ಮತ್ತೊಮ್ಮೆ ಚಾಲೂ ಮಾಡಿ ನೋಡಿ. ಕಲಬುರಗಿ, ರಾಯಚೂರಿನ ಏಪ್ರಿಲ್ ಬಿಸಿಲಿನಲ್ಲಿ ಈ ಪರೀಕ್ಷೆಯನ್ನು ಬಿಡಬಾರದು. ಒತ್ತಡ ಏರಿಳಿಯುತ್ತಿದ್ದರೆ ಹೋಸಿನಲ್ಲಿ ಆವಿ ಇದೆ ಎಂದು ತಿಳಿಯಿರಿ. ರಿಟರ್ನ್ ಜೆಟ್ ಮತ್ತು ಹೋಸ್ ಮೇಲಿನ ಶಾಖದ ರಕ್ಷಣೆಯನ್ನು ನೋಡಿ. ಬಂಕಿನ ಪೆಟ್ರೋಲ್ ಬಳಸುವವರಿಗೆ ಇನ್ನೊಂದು ಮಾತು: 912ಕ್ಕೆ ಒಪ್ಪಿಗೆ ಇರುವುದು ಶೇ. 10ರ ತನಕದ ಎಥನಾಲ್‌ಗೆ. ನಮ್ಮ ಬಂಕ್‌ಗಳಲ್ಲಿ ಈಗ ಶೇ. 20ರ ಮಿಶ್ರಣ ಬರುತ್ತಿದೆ.

ಹಂತ 7: ಅಂಕಿಯನ್ನು ಓದುವುದು

ಎಂಜಿನ್ ಸೊಗಸಾಗಿ ಓಡುತ್ತಿದ್ದು ಮಾಪಕ ಏಕಾಏಕಿ ಸೊನ್ನೆ ತೋರಿಸಿದರೆ ತಂತಿ, ಅರ್ತ್ ಅಥವಾ ಸೆನ್ಸರಿನ ಕಡೆ ನೋಡಿ. ಆದರೂ ಹಾರುತ್ತಿದ್ದರೆ ಮೊದಲು ವಿದ್ಯುತ್ ಪಂಪ್ ಹಾಕಿ, ಹತ್ತಿರದ ರನ್‌ವೇಗೆ ಇಳಿಯಿರಿ. ಮಾಪಕದ ದೋಷವೋ ಹೋಸ್ ಕಿತ್ತಿದೆಯೋ ಎಂಬುದು ಆಕಾಶದಲ್ಲಿ ತಿಳಿಯುವುದಿಲ್ಲ. ಪೆಟ್ರೋಲ್ ವಾಸನೆ ಬಂದರೆ ಮಾತ್ರ ಪಂಪಿಗೆ ಕೈ ಹಾಕಬೇಡಿ, ಅದು ಸೋರಿಕೆಗೆ ಮತ್ತಷ್ಟು ಇಂಧನ ಸುರಿಯುತ್ತದೆ.

ನಿಧಾನಗತಿಯಲ್ಲಿ ಸರಿ, ಪೂರ್ತಿ ಥ್ರಾಟಲ್‌ನಲ್ಲಿ ಇಳಿಕೆ ಎಂದರೆ ಪಂಪಿಗೆ ಮೊದಲು ಎಲ್ಲೋ ಅಡ್ಡಿಯಿದೆ: ಫಿಲ್ಟರ್, ಟ್ಯಾಂಕಿನ ಜಾಲರಿ, ಅಥವಾ ಮುಚ್ಚಿಕೊಂಡ ಟ್ಯಾಂಕಿನ ಗಾಳಿಕಿಂಡಿ. ಟ್ಯಾಂಕಿನ ಮುಚ್ಚಳ ತೆಗೆದ ಕೂಡಲೇ ಒತ್ತಡ ಸರಿಯಾದರೆ ಕಾರಣ ಸಿಕ್ಕಿತು. ವಿದ್ಯುತ್ ಪಂಪ್ ಹಾಕಿದಾಗ ಸರಿ, ಆರಿಸಿದಾಗ ಎಲ್ಲ ವೇಗದಲ್ಲೂ ಕಡಿಮೆ ಎಂದಾದರೆ ಡಯಾಫ್ರಂ ಪಂಪ್ ಸೋತಿದೆ, ಇಲ್ಲವೇ ಹೀರುವ ಬದಿಯಲ್ಲಿ ಗಾಳಿ ನುಗ್ಗುತ್ತಿದೆ. ಹೀರುವ ಬದಿಯ ಸಡಿಲ ಕ್ಲ್ಯಾಂಪ್ ಇಂಧನವನ್ನು ಹೊರಗೆ ಸೋರಿಸದೆ ಗಾಳಿಯನ್ನು ಒಳಗೆ ಬಿಟ್ಟುಕೊಳ್ಳಬಹುದು. ಒದ್ದೆ ಕಾಣುವುದಿಲ್ಲವಾದ್ದರಿಂದ ಹುಡುಕುವುದು ಕಷ್ಟ.

ಒತ್ತಡ ಸರಿ ಇದ್ದೂ ಅನುಮಾನ ಉಳಿದರೆ ಹರಿವನ್ನು ಅಳೆಯಿರಿ. ಒತ್ತಡ ಇದ್ದ ಮಾತ್ರಕ್ಕೆ ಬೇಕಾದಷ್ಟು ಇಂಧನ ಬರುತ್ತಿದೆ ಎಂದಲ್ಲ. ಪಂಪ್ ಇರುವ ವ್ಯವಸ್ಥೆ ಟೇಕಾಫಿಗೆ ಬೇಕಾದುದರ ಶೇ. 125ರಷ್ಟು ಇಂಧನ ಕೊಡಬೇಕು ಎಂಬುದು ವಿನ್ಯಾಸದ ನಿಯಮ; ಭಾರದಿಂದ ಇಳಿಯುವ ವ್ಯವಸ್ಥೆಗೆ ಶೇ. 150. ಗಂಟೆಗೆ 27 ಲೀಟರಿನ ಶೇ. 125 ಎಂದರೆ ಸುಮಾರು 34 ಲೀಟರ್. ಎಂಜಿನ್ ನಿಂತಿರುವಾಗ ಕಾರ್ಬ್ಯುರೇಟರ್‌ಗಳ ಎರಡೂ ಹೋಸ್‌ಗಳನ್ನು ಬಿಚ್ಚಿ ಲೋಹದ ಪಾತ್ರೆಗೆ ಬಿಟ್ಟು ವಿದ್ಯುತ್ ಪಂಪ್ ಹಾಕಿ. 1 ಲೀಟರ್ ತುಂಬಲು 107 ಸೆಕೆಂಡಿಗಿಂತ ಹೆಚ್ಚು ಹಿಡಿದರೆ ಹಾರಬೇಡಿ. ಕೆಳ ರೆಕ್ಕೆಯ ವಿಮಾನವಾದರೆ ಮೂತಿ ಎತ್ತಿ, ಏರುವ ಕೋನದಲ್ಲಿ, ಟ್ಯಾಂಕಿನಲ್ಲಿ ಕಡಿಮೆ ಇಂಧನ ಇಟ್ಟು ಇದನ್ನು ಮಾಡಿ.

ಬರೆದುಕೊಂಡ ಅಂಕಿಗಳನ್ನು ದಿನಾಂಕ, ಹೊರಗಿನ ತಾಪಮಾನ, ಎಂಜಿನ್ ವೇಗದೊಂದಿಗೆ ಲಾಗ್‌ಬುಕ್ಕಿಗೆ ಸೇರಿಸಿ. ಅಳತೆಯ ಜಾಗ ಯಾವುದು, ಸೆನ್ಸರ್ ಎಷ್ಟು ಮೇಲೆ ಅಥವಾ ಕೆಳಗೆ ಇದೆ, ರಂಧ್ರ ಎಷ್ಟು ಮಿ.ಮೀ. ಎಂಬುದನ್ನೂ ಅದರ ಪಕ್ಕದಲ್ಲೇ ಬರೆಯಿರಿ. ರೋಟಾಕ್ಸ್ ಎಂಜಿನ್‌ನ ರಬ್ಬರ್ ಭಾಗಗಳನ್ನು 5 ವರ್ಷಕ್ಕೊಮ್ಮೆ ಬದಲಿಸಬೇಕು. ಆಗ ಕಾರ್ಬ್ಯುರೇಟರ್‌ಗಳಿಗೆ ಹೋಗುವ ಹೋಸ್‌ಗಳು ಎಲ್ಲರ ಪಟ್ಟಿಯಲ್ಲೂ ಇರುತ್ತವೆ. ಸೆನ್ಸರಿಗೆ ಹೋಗುವ ಆ ಒಂದು ತುಂಡು ಹೋಸನ್ನು ಪಟ್ಟಿಯ ಮೊದಲ ಸಾಲಿನಲ್ಲೇ ಬರೆದಿಡಿ.